ಭಾನುವಾರ, ಹೆಲ್ಮೆಟ್ ಕೋಣೆ

ಶನಿವಾರ ತೊಂಬತ್ತು ಸಾವಿರ ಗಂಟಲು ಕೂಗಿದ್ದು
ಭಾನುವಾರ ಬೆಳಿಗ್ಗೆ ನನ್ನ ಮೇಜಿಗೆ ಬರುತ್ತದೆ
ಮೂಕವಾಗಿ, ತಳ್ಳುಗಾಡಿಯಲ್ಲಿ.
ನಮ್ಮ ಹೆಲ್ಮೆಟ್ಟು ಬಿಳಿ. ಅದರ ಮೇಲೆ
ಎದುರಾಳಿಯ ಬಣ್ಣ ಎಲ್ಲಿ ಮೆತ್ತಿದೆಯೋ
ಅಲ್ಲೊಂದು ಡಿಕ್ಕಿ.
ಹೆಸರಿಗೆ ಫುಟ್‌ಬಾಲ್. ಕಾಲಿಗೆ ಚೆಂಡು ತಾಗುವುದೇ ಅಪರೂಪ.

ಇಪ್ಪತ್ತಾರು ವರ್ಷದಿಂದ ಇದೇ ಕೆಲಸ:
ಥಿನ್ನರ್ ಬಟ್ಟೆ, ಹಳೇ ಟೂತ್‌ಬ್ರಷ್ಷು, ಕೊನೆಗೆ ಮೇಣ.
ಸೋಮವಾರ ಹುಡುಗರು ಬರುವ ಹೊತ್ತಿಗೆ
ಯಾರೂ ಯಾರನ್ನೂ ಗುದ್ದಿಯೇ ಇಲ್ಲವೆಂಬಂತೆ
ಹೊಳೆಯಬೇಕು.

ನಲವತ್ತೇಳನೇ ನಂಬರು ಜಕೋರಿ ಪೆಟಿಗ್ರೂನದು.
ಅವನನ್ನು ಕೇಳಲು ಕೋಚ್ ಬ್ರಾಂಟ್ಲಿ
ಮಿಸಿಸಿಪ್ಪಿಯ ಆ ಮೂಲೆಗೆ ಹೊರಟಾಗ
ಕಾರು ಓಡಿಸಿದ್ದು ನಾನೇ.
ಮೀನು ಸೀಳುವ ಕಾರ್ಖಾನೆಯಿಂದ ಆಗಷ್ಟೇ ಬಂದ ಅಜ್ಜಿ ವರ್ನೀಸ್
ಮತ್ತೆ ಮೀನನ್ನೇ ಕರಿದು ಬಡಿಸಿದಳು.
ಕೋಚ್ ಎರಡು ಸಲ ಹಾಕಿಸಿಕೊಂಡರು.
ಹಿತ್ತಲ ಕಂಬದಲ್ಲಿ ಹಕ್ಕಿಗಳಿಗೆಂದು ತೂಗುಬಿಟ್ಟ
ಒಣ ಸೋರೆ ಬುರುಡೆಗಳು
ಗಾಳಿಗೆ ಒಂದಕ್ಕೊಂದು ತಾಗಿ
ಟೊಕ್, ಟೊಕ್.

ಅವಳು ಕೇಳಿದ್ದು ಒಂದೇ: "ಇವನ ತಲೆ?"
ಕೋಚ್ ಹೊಸ ಹೆಲ್ಮೆಟ್ಟನ್ನು ಬೆರಳ ಗೆಣ್ಣಿಂದ ಬಡಿದು,
"ಒಳಗೆ ಮೊಟ್ಟೆ ಇಟ್ಟು ಮಾಳಿಗೆಯಿಂದ ಬೀಳಿಸಿ,
ಒಡೆದರೆ ಕೇಳಿ" ಎಂದರು.
"ಮೊಟ್ಟೆ ಒಡೆಯಲಿಕ್ಕಿಲ್ಲ. ಒಳಗಿನ ಹಳದಿ?"
ಕೋಚ್ ನಕ್ಕರು. ನಾನೂ.
ಸಹಿ ಹುಡುಗನದು. ಪೆನ್ನು ಅವಳ ಚೀಲದ್ದು.

ಟೀವಿಯವರ ಮುಂದೆ, ಹೈಸ್ಕೂಲಿನ ಜಿಮ್ಮಿನಲ್ಲಿ
ನಾಲ್ಕು ಕಾಲೇಜಿನ ನಾಲ್ಕು ಟೋಪಿ.
ಅವನ ಕೈ ಪಕ್ಕದ್ದರ ಮೇಲೆ ಸುಳಿದು, ಆಟವಾಡಿಸಿ,
ನಮ್ಮದನ್ನೇ ಎತ್ತಿತು.
ಯಾರು ಯಾರಿಗೆ ಟೋಪಿ ಹಾಕಿದರೋ!
ನಾನು ಸೋಫಾ ಮೇಲೆ ಹತ್ತಿ ಕುಣಿದೆ.
ನಮ್ಮ ಮನೆಗೆ ಮೂರು ತಲೆಮಾರಿನಿಂದ ಇದೇ ತಂಡ.
ಯಾರ ತಲೆ, ಮಾರಿದವರಾರು,
ಕೇಳಿದವರಿಲ್ಲ.

ಅಕ್ಟೋಬರ್ ಮೊದಲ ವಾರ ಅವನ ಹೆಲ್ಮೆಟ್ಟಿಗೆ ಆರು ಗೀರು.
ಮರುವಾರ ಹನ್ನೊಂದು, ಎಲ್ಲ ನೆತ್ತಿಯ ಹತ್ತಿರ.
ಮಂಗಳವಾರ ಬಂದ, ಗಲ್ಲದ ಪಟ್ಟಿ ಬೇಕೆಂದ. ಕೊಟ್ಟೆ.
ಹತ್ತು ನಿಮಿಷಕ್ಕೆ ಮತ್ತೆ ಬಂದ:
"ಗಲ್ಲದ ಪಟ್ಟಿ ಒಂದು ಬೇಕಿತ್ತು."
ಮೊದಲಿನದು ಕೈಯಲ್ಲೇ ಇತ್ತು.
ತೋರಿಸಿದೆ. ನಕ್ಕ, ಸ್ವಲ್ಪ ತಡವಾಗಿ.

ಗೋಡೆಯ ಮೇಲೊಂದು ನಮೂನೆ ಇದೆ.
ವಿಶೇಷವೇನಾದರೂ ಕಂಡರೆ ಬರೆದು
ಡಾಕ್ಟರ ಡಬ್ಬಿಗೆ ಹಾಕಬೇಕು.
ಪೆನ್ಸಿಲ್ಲನ್ನೂ ದಾರ ಕಟ್ಟಿ ಇಟ್ಟಿದ್ದಾರೆ.
ಆದರೆ ಶನಿವಾರ ನದಿಯಾಚೆಯವರ ಮೇಲೆ ಆಟ.
ಒಂಬತ್ತು ವರ್ಷದಿಂದ ಗೆದ್ದಿಲ್ಲ.
ಅಪ್ಪ ಕಾದೂ ಕಾದೂ ಹೋಗಿಬಿಟ್ಟ.
ನಾನು ಮೇಣ ಹಚ್ಚಿದೆ. ಇನ್ನೊಮ್ಮೆ ಹಚ್ಚಿದೆ.

ಗೆರೆಯ ಪಕ್ಕವೇ ನಿಂತಿದ್ದೆ. "ಹೊಡಿ!" ಎಂದೆ.
ಆ ಗದ್ದಲದಲ್ಲಿ ಅವನಿಗೆ ಕೇಳಿರಲಿಕ್ಕಿಲ್ಲ,
ಅಷ್ಟು ಮಾತ್ರ ಸಮಾಧಾನ.
ಹೊಡೆದ.
ಟೊಕ್.
ಎದ್ದ. ಎದ್ದು, ಮೈ ಕೊಡವಿ,
ನೇರ ಎದುರಾಳಿಗಳ ಗುಂಪಿಗೆ ಹೋಗಿ
ತಲೆ ಬಗ್ಗಿಸಿ ನಿಂತ,
ಅವರ ಮುಂದಿನ ಆಟದ ಗುಟ್ಟಿಗೆ ಕಿವಿಗೊಟ್ಟವನಂತೆ.
ಅವರಲ್ಲೊಬ್ಬ ಮೆಲ್ಲಗೆ ಭುಜ ಹಿಡಿದು
ನಮ್ಮ ಕಡೆ ತಿರುಗಿಸಿ ಕಳಿಸಿದ.

ಗೆದ್ದೆವು. ಜನ ಗೋಲ್ ಕಂಬ ಕಿತ್ತು
ಹೆಗಲ ಮೇಲೆ ಹೊತ್ತು ಊರಿಡೀ ತಿರುಗಿದರು.
ನಾನೂ ಒಂದು ತುದಿಗೆ ಕೈ ಕೊಟ್ಟಿದ್ದೆ.

ಇವತ್ತು ಉಳಿದದ್ದೆಲ್ಲ ಒರೆಸಿ ಆಯಿತು.
ನಲವತ್ತೇಳು ಒಂದೇ ಮೇಜಿನ ಮೇಲೆ.
ಒಳಗಿನ ಮೆತ್ತೆ ಇನ್ನೂ ಒದ್ದೆ.
ಬಾಗಿಲಲ್ಲಿ ಕೋಚ್: "ಇದೊಂದು ಯಾಕೆ ಬಾಕಿ?"
"ಬಣ್ಣ ಬಿಡ್ತಿಲ್ಲ ಸರ್" ಎಂದೆ.
ಉಗುರಲ್ಲಿ ಕೆರೆದರೆ ಬರುವ ಬಣ್ಣ.

ಮುಂದಿನ ಶನಿವಾರ ಮತ್ತೆ ಇಲ್ಲೇ ಆಟ.
ನಾನು ಹೋಗುವುದಿಲ್ಲ ಎಂದು ಬರೆದರೆ
ಅದೂ ಬುರುಡೆ.